ಶಿಕ್ಷೆ ಬರೆಯುವ ಪೆನ್ನು ಯಾರ ಕೈಯಲ್ಲಿ?

ಭಯೋತ್ಪಾದನೆ ಕಾನೂನುಗಳಲ್ಲಿರುವ ಕನಿಷ್ಠ ಶಿಕ್ಷೆಯ ಬಗ್ಗೆ ಮಾತಾಡುವ ಮೊದಲು ಒಂದು ಬೆಂಕಿಯ ಕಥೆ ಕೇಳಿ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಹ್ಯಾಮಂಡ್ ಮನೆತನದ ಅಪ್ಪ-ಮಗ ದನ ಸಾಕಿಕೊಂಡು ಬದುಕುತ್ತಿದ್ದರು. ಅವರ ಜಮೀನಿನ ಪಕ್ಕದಲ್ಲೇ ಸರ್ಕಾರಿ ಹುಲ್ಲುಗಾವಲು. 2001ರಲ್ಲಿ ಅವರು ಹಚ್ಚಿದ ಬೆಂಕಿಗೆ 139 ಎಕರೆ ಸರ್ಕಾರಿ ನೆಲ ಸುಟ್ಟುಹೋಯಿತು. 2006ರಲ್ಲಿ ಮಗ ಹಚ್ಚಿದ ಇನ್ನೊಂದು ಬೆಂಕಿಗೆ ಸುಟ್ಟಿದ್ದು ಸುಮಾರು ಒಂದು ಎಕರೆ. ಮೊದಲ ಬೆಂಕಿಯನ್ನು ಬೇಡದ ಗಿಡಗಂಟಿ ಸುಡೋಕೆ ಹಚ್ಚಿದ್ದು ಅಂತ ಅವರು ಹೇಳಿದರು. ಕದ್ದು ಜಿಂಕೆ ಬೇಟೆಯಾಡಿದ್ದನ್ನು ಮುಚ್ಚಿಡೋಕೆ ಹಚ್ಚಿದ್ದು ಅಂತ ಸರ್ಕಾರಿ ವಕೀಲರು ಹೇಳಿದರು. 2012ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಅಪ್ಪನನ್ನು ಒಂದು ಬೆಂಕಿಗೆ, ಮಗನನ್ನು ಎರಡಕ್ಕೂ ತಪ್ಪಿತಸ್ಥ ಎಂದಿತು.

ಶಿಕ್ಷೆ ಹೇಳುವ ದಿನ ನ್ಯಾಯಾಧೀಶ ಮೈಕೆಲ್ ಹೋಗನ್ ಮುಂದೆ ಕಾನೂನು ಪುಸ್ತಕ ತೆರೆದಿತ್ತು. ಅದರಲ್ಲಿ ಬರೆದಿದ್ದು ಕನಿಷ್ಠ ಐದು ವರ್ಷ. ಹೋಗನ್ ಅಪ್ಪನಿಗೆ ಮೂರು ತಿಂಗಳು, ಮಗನಿಗೆ ಒಂದು ವರ್ಷ ಚಿಲ್ಲರೆ ಕೊಟ್ಟರು. ಇಂಥ ತಪ್ಪಿಗೆ ಐದು ವರ್ಷ ಕೊಟ್ಟರೆ ಅದು ಮನಸ್ಸಾಕ್ಷಿಗೆ ಒಪ್ಪುವ ಮಾತಲ್ಲ, ಸಂವಿಧಾನಕ್ಕೂ ಒಪ್ಪುವುದಿಲ್ಲ ಎನ್ನುವುದು ಅವರ ನಿಲುವು. ಸರ್ಕಾರ ಬಿಡಲಿಲ್ಲ, ಮೇಲ್ಮನವಿ ಹಾಕಿತು. 2014ರಲ್ಲಿ ಮೇಲಿನ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಕಾನೂನು ಐದು ಅಂದರೆ ಐದು, ನ್ಯಾಯಾಧೀಶರಿಗೆ ಕಡಿಮೆ ಮಾಡುವ ಅಧಿಕಾರ ಇಲ್ಲ ಎಂದಿತು. ಕೊಟ್ಟಷ್ಟು ಶಿಕ್ಷೆ ಅನುಭವಿಸಿ ಮನೆಗೆ ಬಂದಿದ್ದ ಅಪ್ಪ-ಮಗನಿಗೆ 2015ರಲ್ಲಿ ಇನ್ನೊಬ್ಬ ನ್ಯಾಯಾಧೀಶರು ಐದೈದು ವರ್ಷ ಬರೆದರು. 2016ರ ಜನವರಿಯಲ್ಲಿ ಇಬ್ಬರೂ ಮತ್ತೆ ಜೈಲಿಗೆ ಹೋದರು. ಅಪ್ಪನಿಗೆ ಆಗಲೇ ಎಪ್ಪತ್ತು ದಾಟಿತ್ತು.

ಇದಕ್ಕೂ ಭಯೋತ್ಪಾದನೆಗೂ ಏನು ಸಂಬಂಧ ಅಂತ ಕೇಳಬಹುದು. ಆ ಐದು ವರ್ಷದ ಕನಿಷ್ಠ ಶಿಕ್ಷೆ ಬಂದಿದ್ದು 1996ರ ಭಯೋತ್ಪಾದನೆ ವಿರೋಧಿ ಕಾಯ್ದೆಯಿಂದ. 1995ರ ಏಪ್ರಿಲ್‌ನಲ್ಲಿ ಒಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡವೊಂದನ್ನು ಬಾಂಬಿಟ್ಟು ಉರುಳಿಸಿದರು. 168 ಜನ ಸತ್ತರು. ಸುಮಾರು ಒಂದು ವರ್ಷದಲ್ಲಿ, ಕೋಪ ಇನ್ನೂ ಆರಿರದ ಹೊತ್ತಿನಲ್ಲಿ, ಈ ಕಾಯ್ದೆ ಬಂತು. ಸರ್ಕಾರದ ಆಸ್ತಿಗೆ ಬೆಂಕಿ ಅಥವಾ ಸ್ಫೋಟಕದಿಂದ ಹಾನಿ ಮಾಡಿದವರಿಗೆ ಕನಿಷ್ಠ ಐದು ವರ್ಷ ಎಂದು ಬರೆದವರ ಕಣ್ಣ ಮುಂದೆ ಇದ್ದದ್ದು ಆ ಕಟ್ಟಡದ ಅವಶೇಷ. ಆದರೆ ಅವರು ಕಾಗದದ ಮೇಲೆ ಬರೆದ ಸಾಲಿನಲ್ಲಿ ಕಟ್ಟಡವೂ ಒಂದೇ, ಹುಲ್ಲುಗಾವಲೂ ಒಂದೇ.

ಕನಿಷ್ಠ ಶಿಕ್ಷೆಯ ಕಾನೂನುಗಳ ಸಮಸ್ಯೆ ಇಷ್ಟೇ ನೋಡಿ. ಕಾನೂನು ಬರೆಯುವವರು ಮನಸ್ಸಿನಲ್ಲಿ ಅತಿ ಕೆಟ್ಟ ಅಪರಾಧಿಯನ್ನು ಇಟ್ಟುಕೊಂಡು ಬರೆಯುತ್ತಾರೆ. ಕೋರ್ಟಿಗೆ ಬರುವವರು ಮಾತ್ರ ಎಲ್ಲ ಬಗೆಯವರು.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಬಹುತೇಕ ಅಪರಾಧಗಳಿಗೆ ಕಾನೂನು ಗರಿಷ್ಠ ಶಿಕ್ಷೆಯನ್ನಷ್ಟೇ ಹೇಳುತ್ತದೆ. 'ಏಳು ವರ್ಷದವರೆಗೆ' ಎಂದು ಬರೆದಿದ್ದರೆ ನ್ಯಾಯಾಧೀಶರು ಏಳು ವರ್ಷವನ್ನೂ ಕೊಡಬಹುದು, ಏಳು ತಿಂಗಳನ್ನೂ ಕೊಡಬಹುದು. ವಯಸ್ಸು, ಹಿಂದಿನ ನಡತೆ, ಕೃತ್ಯದಲ್ಲಿ ಅವನ ಪಾಲು, ಪಶ್ಚಾತ್ತಾಪ, ಮನೆಯ ಪರಿಸ್ಥಿತಿ ಎಲ್ಲವನ್ನೂ ತೂಗಿ ಒಂದು ಅಂಕಿಗೆ ಬರುತ್ತಾರೆ. ಹೀಗೆ ತೂಗುವ ಸ್ವಾತಂತ್ರ್ಯಕ್ಕೇ ನ್ಯಾಯಾಧೀಶರ ವಿವೇಚನೆ ಎನ್ನುವುದು. ಕನಿಷ್ಠ ಶಿಕ್ಷೆ ಬಂದರೆ ಈ ತಕ್ಕಡಿಯ ಕೆಳಗೆ ಒಂದು ಕಟ್ಟೆ ಕಟ್ಟಿದ ಹಾಗೆ. ಎಷ್ಟೇ ಕರುಣೆಯ ಕಾರಣ ಇದ್ದರೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಅಪರಾಧಕ್ಕೆ ಇದೊಂದೇ ಶಿಕ್ಷೆ ಎಂದು ಬರೆದರೆ ತಕ್ಕಡಿಯೇ ಬೇಕಿಲ್ಲ.

ಆ ಕೊನೆಯ ಬಗೆಯದು ಭಾರತದಲ್ಲೂ ಇತ್ತು. 1860ರ ದಂಡ ಸಂಹಿತೆಯ 303ನೇ ಸೆಕ್ಷನ್. ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನು ಕೊಲೆ ಮಾಡಿದರೆ ಗಲ್ಲು, ಬೇರೆ ದಾರಿ ಇಲ್ಲ. 1983ರಲ್ಲಿ ಮಿಠ್ಠು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಕಿತ್ತುಹಾಕಿತು. ಒಬ್ಬ ಮನುಷ್ಯ ಯಾವ ಸಂದರ್ಭದಲ್ಲಿ, ಯಾಕೆ ಹಾಗೆ ಮಾಡಿದ ಎಂದು ನೋಡಲು ಬಿಡದೆ ಪ್ರಾಣ ತೆಗೆಯಿರಿ ಎನ್ನುವ ಕಾನೂನು ನ್ಯಾಯವಾದ ವಿಧಾನ ಅಲ್ಲ ಎನ್ನುವುದು ಅದರ ಸಾರ. 2012ರಲ್ಲಿ ಇನ್ನೊಂದು ಇಂಥದ್ದೇ ಸೆಕ್ಷನ್ ಬಿತ್ತು. ಶಸ್ತ್ರಾಸ್ತ್ರ ಕಾಯ್ದೆಯ 27(3). ಪಂಜಾಬ್ ಹೊತ್ತಿ ಉರಿಯುತ್ತಿದ್ದ 1988ರಲ್ಲಿ ಸೇರಿಸಿದ್ದು. ನಿಷೇಧಿತ ಆಯುಧ ಬಳಸಿ, ಅದರಿಂದ ಯಾರಾದರೂ ಸತ್ತರೆ ಗಲ್ಲು ಖಾಯಂ. ಕೊಲ್ಲುವ ಉದ್ದೇಶ ಇತ್ತೋ ಇಲ್ಲವೋ ಎನ್ನುವ ಪ್ರಶ್ನೆಗೇ ಅಲ್ಲಿ ಜಾಗ ಇರಲಿಲ್ಲ.

ಹಾಗಾದರೆ ಕನಿಷ್ಠ ಶಿಕ್ಷೆಗಳೂ ಬೀಳಬೇಕಿತ್ತಲ್ವಾ? ಬಿದ್ದಿಲ್ಲ. ಗಲ್ಲಿನ ವಿಷಯದಲ್ಲಿ ನ್ಯಾಯಾಲಯಗಳು ತೋರಿಸಿದ ಸಿಟ್ಟನ್ನು ಜೈಲಿನ ವಿಷಯದಲ್ಲಿ ತೋರಿಸಿಲ್ಲ. ಯಾವ ಅಪರಾಧಕ್ಕೆ ಎಷ್ಟು ಎನ್ನುವುದು ಸಂಸತ್ತಿನ ಕೆಲಸ, ಅಂಕಿ ಅತಿರೇಕಕ್ಕೆ ಹೋದರೆ ಮಾತ್ರ ನಾವು ಬರುತ್ತೇವೆ ಎನ್ನುವುದು ಸುಪ್ರೀಂ ಕೋರ್ಟಿನ ಹಳೆಯ ನಿಲುವು. ಪೂರ್ಣ ನ್ಯಾಯ ಒದಗಿಸಲು ಸಂವಿಧಾನದ 142ನೇ ವಿಧಿ ತನಗೆ ಕೊಟ್ಟಿರುವ ವಿಶೇಷ ಅಧಿಕಾರ ಬಳಸಿ ಕೂಡ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಲಾಗದು ಎಂದು 2019ರಲ್ಲಿ ಅದೇ ಹೇಳಿದೆ. ದೇಶದ ಅತಿ ದೊಡ್ಡ ಕೋರ್ಟಿನ ಕೈಯನ್ನೂ ಆ ಸಣ್ಣ ಅಂಕಿ ಕಟ್ಟಿಹಾಕುತ್ತದೆ.

ಈಗ ಭಾರತದ ಭಯೋತ್ಪಾದನೆ ಕಾನೂನಿನ ಒಳಗೆ ಹೋಗೋಣ. 1967ರ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, 2004ರ ತಿದ್ದುಪಡಿಯ ನಂತರ ದೇಶದ ಮುಖ್ಯ ಭಯೋತ್ಪಾದನೆ ಕಾನೂನಾಯಿತು. ಭಯೋತ್ಪಾದಕ ಕೃತ್ಯದಿಂದ ಸಾವು ಸಂಭವಿಸಿದರೆ ಗಲ್ಲು ಇಲ್ಲವೇ ಜೀವಾವಧಿ. ಸಾವಾಗದಿದ್ದರೆ ಐದು ವರ್ಷದಿಂದ ಜೀವಾವಧಿವರೆಗೆ. ಸಂಚಿಗೂ ಅಷ್ಟೇ, ಹಣ ಒದಗಿಸಿದರೂ ಅಷ್ಟೇ. ಭಯೋತ್ಪಾದಕ ಎಂದು ಗೊತ್ತಿದ್ದೂ ಒಬ್ಬನಿಗೆ ಆಶ್ರಯ ಕೊಟ್ಟರೆ ಮೂರು ವರ್ಷದಿಂದ ಜೀವಾವಧಿವರೆಗೆ.

ಈ ಆಶ್ರಯದ ಸೆಕ್ಷನ್ ಮೇಲೆ ಸ್ವಲ್ಪ ನಿಲ್ಲೋಣ. 19ನೇ ಸೆಕ್ಷನ್ ಅದು. ಅದರ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ಬಚ್ಚಿಟ್ಟವರು ಗಂಡ ಅಥವಾ ಹೆಂಡತಿಯಾದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಂದರೆ ಗಂಡನನ್ನು ಮನೆಯೊಳಗೆ ಸೇರಿಸಿಕೊಂಡ ಹೆಂಡತಿಗೆ ಏನೂ ಇಲ್ಲ. ಅದೇ ರಾತ್ರಿ ಅದೇ ಮನೆಯಲ್ಲಿ ಮಗನಿಗೆ ಅನ್ನ ಹಾಕಿ ಮಲಗಿಸಿದ ತಾಯಿಗೆ ಕನಿಷ್ಠ ಮೂರು ವರ್ಷ. ಕಾನೂನು ಬರೆದವರಿಗೆ ಮನುಷ್ಯ ಸಂಬಂಧದ ತೂಕ ಗೊತ್ತಿತ್ತು. ಅದಕ್ಕೇ ವಿನಾಯಿತಿ ಇಟ್ಟರು. ಆದರೆ ಒಂದು ಸಂಬಂಧಕ್ಕೆ ಇಟ್ಟು ನಿಲ್ಲಿಸಿದರು. ಬದುಕಿನಲ್ಲಿ ಬರುವ ಎಲ್ಲ ಸಂಬಂಧಗಳನ್ನೂ ಮೊದಲೇ ಪಟ್ಟಿ ಮಾಡಲು ಯಾವ ಸಂಸತ್ತಿಗೂ ಆಗುವುದಿಲ್ಲ. ಉಳಿದದ್ದನ್ನು ನೋಡಿಕೊಳ್ಳಲಿ ಎಂದೇ ನ್ಯಾಯಾಧೀಶರನ್ನು ಕೂರಿಸಿರುವುದು.

ಆದರೂ ನನಗೆ ಮುಖ್ಯ ಅನ್ನಿಸುವುದು ಈ ತಾಯಿಯ ಕಥೆಯಲ್ಲ. ಕನಿಷ್ಠ ಶಿಕ್ಷೆ ವಿವೇಚನೆಯನ್ನು ತೆಗೆದುಹಾಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಪರ ಇರುವವರೂ, ವಿರೋಧಿಸುವವರೂ. ಅದು ಅರ್ಧ ಸತ್ಯ. ವಿವೇಚನೆ ಎಲ್ಲಿಗೂ ಹೋಗುವುದಿಲ್ಲ, ಕುರ್ಚಿ ಬದಲಾಯಿಸುತ್ತದೆ ಅಷ್ಟೇ. ನ್ಯಾಯಾಧೀಶರ ಕೈಯಿಂದ ಜಾರಿ ಸೆಕ್ಷನ್ ಆರಿಸುವವರ ಕೈಗೆ ಹೋಗುತ್ತದೆ.

ಹೇಗೆ ಅಂತ ನೋಡಿ. ಒಬ್ಬ ಹುಡುಗ ನಿಷೇಧಿತ ಸಂಘಟನೆಯೊಂದರ ಕರಪತ್ರ ಹಂಚಿದ, ಅವರ ಇಬ್ಬರು ಜನರ ಜೊತೆ ಫೋನಿನಲ್ಲಿ ಮಾತಾಡಿದ ಅಂತಿಟ್ಟುಕೊಳ್ಳಿ. ಇದನ್ನು ಯುಎಪಿಎ 13ನೇ ಸೆಕ್ಷನ್ ಕೆಳಗೆ ಹಾಕಬಹುದು. ಅಲ್ಲಿ ಏಳು ವರ್ಷದವರೆಗೆ ಶಿಕ್ಷೆ, ಕನಿಷ್ಠ ಎನ್ನುವುದು ಇಲ್ಲ. ಅದೇ ಫೋನ್ ಕರೆಗಳನ್ನು ಸಂಚು ಎಂದು ಓದಿ 18ನೇ ಸೆಕ್ಷನ್ ಹಾಕಿದರೆ ಕನಿಷ್ಠ ಐದು, ಗರಿಷ್ಠ ಜೀವಾವಧಿ. ಹುಡುಗ ಅವನೇ, ಫೋನೂ ಅದೇ. ಬದಲಾಗಿದ್ದು ಚಾರ್ಜ್‌ಶೀಟಿನಲ್ಲಿ ಬರೆದ ಒಂದು ಅಂಕಿ. ನ್ಯಾಯಾಧೀಶರು ಸಾಕ್ಷ್ಯ ಸಾಲದು ಅಂತ ಆ ಸೆಕ್ಷನ್ ಕೈಬಿಡಬಹುದು, ನಿಜ. ಆದರೆ ಸಾಕ್ಷ್ಯ ತಾಂತ್ರಿಕವಾಗಿ ಸಾಕಾದರೆ ಮುಗೀತು. 'ಇವನು ಆ ಗುಂಪಿನ ಅಂಚಿನಲ್ಲಿದ್ದವನು, ಎರಡು ವರ್ಷ ಸಾಕು' ಎಂದು ಹೇಳುವ ಅವಕಾಶ ಇಲ್ಲ.

ಸೆಕ್ಷನ್ ಬದಲಾದರೆ ಶಿಕ್ಷೆ ಮಾತ್ರ ಅಲ್ಲ, ಜಾಮೀನೂ ಬದಲಾಗುತ್ತದೆ. ಯುಎಪಿಎಯ 43ಡಿ(5) ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜ ಎಂದು ಕಂಡರೆ ಕೋರ್ಟು ಜಾಮೀನು ಕೊಡುವಂತಿಲ್ಲ. ಇದು 13ನೇ ಸೆಕ್ಷನ್ನಿಗೆ ಅನ್ವಯಿಸುವುದಿಲ್ಲ, 18ಕ್ಕೆ ಅನ್ವಯಿಸುತ್ತದೆ. ಹಾಗಾಗಿ 18 ಬಿದ್ದ ದಿನವೇ ಹುಡುಗನ ಮುಂದಿನ ಕೆಲವು ವರ್ಷ ಬಹುಮಟ್ಟಿಗೆ ತೀರ್ಮಾನ ಆದ ಹಾಗೆ. ತೀರ್ಪು ಬರುವುದು ಯಾವಾಗಲೋ. ಕೇರಳದ ಒಂದು ಪ್ರಕರಣದಲ್ಲಿ ಆರೋಪಿ ವಿಚಾರಣೆಗೆ ಕಾಯುತ್ತಲೇ ಐದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದಿದ್ದ. ಅದೇ ಪ್ರಕರಣದಲ್ಲಿ ಶಿಕ್ಷೆಯಾದ ಬೇರೆಯವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಎಂಟು ವರ್ಷ. 2021ರಲ್ಲಿ ಸುಪ್ರೀಂ ಕೋರ್ಟು ಅವನ ಜಾಮೀನನ್ನು ಎತ್ತಿಹಿಡಿಯಿತು. 43ಡಿ(5) ಇದ್ದರೂ, ವಿಚಾರಣೆ ಎಳೆದಾಡಿ ವ್ಯಕ್ತಿಯ ಸ್ವಾತಂತ್ರ್ಯದ ಹಕ್ಕು ಸವೆಯುತ್ತಿದ್ದರೆ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ಕೊಡಬಹುದು ಎಂದಿತು. ಆ ಆರೋಪಿಯ ಹೆಸರಿನಲ್ಲಿ ನಜೀಬ್ ಪ್ರಕರಣ ಎಂದೇ ವಕೀಲರು ಇದನ್ನು ಈಗ ಯುಎಪಿಎ ಜಾಮೀನು ಅರ್ಜಿಗಳಲ್ಲಿ ಉಲ್ಲೇಖಿಸುತ್ತಾರೆ.

2024ರ ಜುಲೈ 1ರಿಂದ ಇನ್ನೊಂದು ಕವಲು ಸೇರಿಕೊಂಡಿದೆ. ಹೊಸ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಕೂಡ ಭಯೋತ್ಪಾದಕ ಕೃತ್ಯದ್ದೇ. ವ್ಯಾಖ್ಯೆ ಬಹುತೇಕ ಯುಎಪಿಎಯದ್ದೇ, ಕನಿಷ್ಠ ಶಿಕ್ಷೆಯೂ ಐದೇ ವರ್ಷ. ಆದರೆ ಯುಎಪಿಎಯಲ್ಲಿ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು, ಅನುಮತಿಗೆ ಮೊದಲು ಬೇರೊಂದು ಪ್ರಾಧಿಕಾರ ಸಾಕ್ಷ್ಯ ಪರಿಶೀಲಿಸಬೇಕು. 113ರಲ್ಲಿ ಆ ಜರಡಿಯನ್ನು ಬರೆದಿಲ್ಲ. ಒಂದೇ ಘಟನೆಯನ್ನು ಎರಡರಲ್ಲಿ ಯಾವುದರ ಕೆಳಗೆ ದಾಖಲಿಸಬೇಕು? ಅದನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ನಿರ್ಧರಿಸಬೇಕು ಎಂದು ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ. ಹೇಗೆ ನಿರ್ಧರಿಸಬೇಕು ಎನ್ನುವುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ನ್ಯಾಯಾಧೀಶರು ಶಿಕ್ಷೆ ಕೊಡುವಾಗ ತೆರೆದ ಕೋರ್ಟಿನಲ್ಲಿ ಎರಡೂ ಕಡೆಯವರನ್ನು ಕೇಳಬೇಕು, ಕಾರಣ ಬರೆಯಬೇಕು, ಅದನ್ನು ಮೇಲಿನ ಕೋರ್ಟು ಓದುತ್ತದೆ. ಎಸ್‌ಪಿ ತಮ್ಮ ಕಚೇರಿಯಲ್ಲಿ ಮಾಡುವ ಆಯ್ಕೆಗೆ ಇಂಥ ಕಟ್ಟುಪಾಡು ಇಲ್ಲ. ವಿವೇಚನೆಯೇ ಅಪಾಯ ಅಂತ ಹೆದರಿ ಅದನ್ನು ಬೆಳಕಿನಿಂದ ತೆಗೆದು ಕತ್ತಲಲ್ಲಿ ಇಟ್ಟ ಹಾಗಾಯಿತು ಅಂತ ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಇದು ಇನ್ನೂ ನಿಚ್ಚಳ. ಅಲ್ಲಿ ಫೆಡರಲ್, ಅಂದರೆ ಕೇಂದ್ರದ, ಕೋರ್ಟುಗಳಲ್ಲಿ ಶಿಕ್ಷೆಗೆ ಒಂದು ಕೋಷ್ಟಕ ಇದೆ. ಎಡಗಡೆ ಅಪರಾಧದ ಮಟ್ಟ, 1ರಿಂದ 43ರವರೆಗೆ. ಮೇಲ್ಗಡೆ ಆರೋಪಿಯ ಹಿಂದಿನ ಅಪರಾಧ ಚರಿತ್ರೆ, ಆರು ದರ್ಜೆ. ಎರಡೂ ಸೇರುವ ಚೌಕದಲ್ಲಿ ಎಷ್ಟು ತಿಂಗಳು ಎಂದು ಬರೆದಿರುತ್ತದೆ, ಶಾಲೆಯ ಮಗ್ಗಿ ಪುಸ್ತಕದ ಥರ. ಭಯೋತ್ಪಾದನೆ ಎಂದು ಗುರುತಾದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಅಪರಾಧದ ಮಟ್ಟಕ್ಕೆ 12 ಸೇರುತ್ತದೆ. ಚರಿತ್ರೆ ತಾನಾಗೇ ಕೊನೆಯ, ಅತಿ ಕೆಟ್ಟ ದರ್ಜೆಗೆ ಜಿಗಿಯುತ್ತದೆ. ಹಿಂದೆ ಒಂದೂ ಅಪರಾಧ ಮಾಡದವನನ್ನೂ ಪಳಗಿದ ಅಪರಾಧಿ ಎಂದೇ ಲೆಕ್ಕ ಹಾಕುತ್ತಾರೆ. 26ನೇ ಮಟ್ಟದಲ್ಲಿರುವ, ಮೊದಲ ಸಲ ಸಿಕ್ಕಿಬಿದ್ದವನಿಗೆ ಕೋಷ್ಟಕ ಹೇಳುವುದು 63ರಿಂದ 78 ತಿಂಗಳು. ಆರು ವರ್ಷದ ಆಚೆ ಈಚೆ. ಈ ಗುಣಾಕಾರ ಆದ ಮೇಲೆ ಅವನು 38ನೇ ಮಟ್ಟ, ಆರನೇ ದರ್ಜೆ. ಅಲ್ಲಿ ಬರೆದಿರುವುದು 360 ತಿಂಗಳಿಂದ ಜೀವಾವಧಿ. ಆರು ವರ್ಷ ಮೂವತ್ತಾಯಿತು! ಅವನ ಮೇಲೆ ಹಾಕಿದ ಸೆಕ್ಷನ್ನಿನ ಗರಿಷ್ಠ ಮಿತಿ ಕಡಿಮೆ ಇದ್ದರೆ ಮಾತ್ರ ಅಲ್ಲಿ ನಿಲ್ಲುತ್ತದೆ.

2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ಬುಕರ್ ತೀರ್ಪಿನ ನಂತರ ಈ ಕೋಷ್ಟಕ ಕಡ್ಡಾಯ ಅಲ್ಲ, ಸಲಹೆ ಮಾತ್ರ. ಹಾಗಾದರೆ ನ್ಯಾಯಾಧೀಶರಿಗೆ ಪೆನ್ನು ವಾಪಸ್ ಸಿಕ್ಕಿತಾ? ಅಹ್ಮದ್ ರೆಸಾಮ್ ಕಥೆ ಕೇಳಿ.

1999ರ ಡಿಸೆಂಬರ್ 14. ಕೆನಡಾದಿಂದ ಹಡಗಿನಲ್ಲಿ ಕಾರು ಹಾಕಿಕೊಂಡು ಬಂದ ರೆಸಾಮ್ ಅಮೆರಿಕದ ಪೋರ್ಟ್ ಏಂಜಲೀಸ್‌ನಲ್ಲಿ ಇಳಿದ. ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂತು. ಡಿಕ್ಕಿ ತೆಗೆದರೆ ಸ್ಫೋಟಕ. ಗುರಿ ಲಾಸ್ ಏಂಜಲಿಸ್ ವಿಮಾನ ನಿಲ್ದಾಣ. ಸಣ್ಣ ಮೀನಲ್ಲ ಇವನು. 2001ರಲ್ಲಿ ಒಂಬತ್ತು ಆರೋಪಗಳಲ್ಲೂ ದೋಷಿ ಎಂದು ತೀರ್ಪಾಯಿತು. ಆಮೇಲೆ ಅವನು ತನಿಖೆಗೆ ಸಹಕರಿಸಲು ಒಪ್ಪಿದ. ಸುಮಾರು ಎರಡು ವರ್ಷ ತನ್ನ ಜೊತೆಗಾರರ, ತರಬೇತಿ ಶಿಬಿರಗಳ ವಿವರ ಕೊಟ್ಟ. ಬೇರೆ ಪ್ರಕರಣದಲ್ಲಿ ಸಾಕ್ಷಿ ನುಡಿದ. ನಂತರ ಬಾಯಿ ಮುಚ್ಚಿಕೊಂಡ.

ಕೋಷ್ಟಕದ ಪ್ರಕಾರ ಅವನಿಗೆ 65 ವರ್ಷದಿಂದ ಜೀವಾವಧಿ. ನ್ಯಾಯಾಧೀಶ ಜಾನ್ ಕಾಗನೌರ್ 2005ರಲ್ಲಿ ಕೊಟ್ಟಿದ್ದು 22 ವರ್ಷ. ಅವನ ಸಹಕಾರದಿಂದ ಆದ ಲಾಭಕ್ಕೆ ಬೆಲೆ ಕೊಡಬೇಕು ಎನ್ನುವುದು ಅವರ ಲೆಕ್ಕ. ಸರ್ಕಾರ ಮೇಲ್ಮನವಿಗೆ ಹೋಯಿತು. ಪ್ರಕರಣ ಮೇಲೆ ಕೆಳಗೆ ಓಡಾಡಿತು. 2008ರಲ್ಲಿ ಮತ್ತೆ ಅದೇ 22. ಮತ್ತೆ ಮೇಲ್ಮನವಿ. 2012ರಲ್ಲಿ ಮೇಲಿನ ಕೋರ್ಟಿನ ದೊಡ್ಡ ಪೀಠ 7-4 ಬಹುಮತದಲ್ಲಿ ಈ ಶಿಕ್ಷೆ ತೀರಾ ಕಡಿಮೆಯಾಯಿತು ಎಂದಿತು. ಅದೇ ವರ್ಷ ಅದೇ ನ್ಯಾಯಾಧೀಶರು 37 ವರ್ಷ ಬರೆದರು. ಕೋಷ್ಟಕ ಸಲಹೆ ಮಾತ್ರ, ಒಪ್ಪೋಣ. ಆದರೆ ನಲವತ್ತಕ್ಕೂ ಹೆಚ್ಚು ವರ್ಷ ಕೆಳಗೆ ಇಳಿದರೆ ಯಾರೂ ಸುಮ್ನೆ ಇರುವುದಿಲ್ಲ. ಸಲಹೆಗೂ ಒಂದು ತೂಕ ಇರುತ್ತದೆ.

ಇದೇ ಪ್ರಕರಣದ ಒಂಬತ್ತನೇ ಆರೋಪ ನನಗೆ ಜಾಸ್ತಿ ಕುತೂಹಲ. ಅಪರಾಧ ಮಾಡುವಾಗ ಸ್ಫೋಟಕ ಇಟ್ಟುಕೊಂಡಿದ್ದರೆ ಹೆಚ್ಚುವರಿ ಹತ್ತು ವರ್ಷ, ಕಡ್ಡಾಯ, ಬೇರೆ ಶಿಕ್ಷೆ ಮುಗಿದ ಮೇಲೆ ಸೇರಿಸಿ ಅನುಭವಿಸಬೇಕು. ಇಲ್ಲಿ ಆ 'ಅಪರಾಧ' ಯಾವುದು ಗೊತ್ತಾ? ಕಸ್ಟಮ್ಸ್ ಫಾರಂನಲ್ಲಿ ಸುಳ್ಳು ಬರೆದದ್ದು. ಸುಳ್ಳು ಬರೆಯುವಾಗ ಡಿಕ್ಕಿಯಲ್ಲಿ ಸ್ಫೋಟಕ ಇತ್ತು. ಸುಳ್ಳಿಗೂ ಸ್ಫೋಟಕಕ್ಕೂ ಸಂಬಂಧ ಇರಬೇಕಲ್ವಾ ಎನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2008ರಲ್ಲಿ 8-1 ಬಹುಮತದ ತೀರ್ಪು ಬಂತು: ಬೇಕಿಲ್ಲ, ಆ ಹೊತ್ತಿನಲ್ಲಿ ಜೊತೆಯಲ್ಲಿ ಇದ್ದರೆ ಸಾಕು. ರೆಸಾಮ್ ಬಗ್ಗೆ ಕನಿಕರ ಪಡಬೇಕಿಲ್ಲ. ಆದರೆ ಈ ಹತ್ತು ವರ್ಷವನ್ನು ಸೇರಿಸಬೇಕೋ ಬೇಡವೋ ಎಂದು ನಿರ್ಧರಿಸಿದ್ದು ನ್ಯಾಯಾಧೀಶರಲ್ಲ, ಜ್ಯೂರಿಯೂ ಅಲ್ಲ. ಆರೋಪಪಟ್ಟಿಗೆ ಒಂಬತ್ತನೆಯದನ್ನು ಸೇರಿಸಿದ ಸರ್ಕಾರಿ ವಕೀಲರು.

ಅಲ್ಲಿ ಕನಿಷ್ಠಕ್ಕಿಂತ ಕೆಳಗಿಳಿಯಲು ಒಂದು ಬಾಗಿಲು ಇದೆ. ಆರೋಪಿ ತನಿಖೆಗೆ ಗಣನೀಯವಾಗಿ ಸಹಕರಿಸಿದರೆ ಕಡಿಮೆ ಮಾಡಬಹುದು. ಆದರೆ ಆ ಬಾಗಿಲಿನ ಬೀಗದ ಕೈಯೂ ಸರ್ಕಾರಿ ವಕೀಲರ ಹತ್ತಿರವೇ. ಅವರು ಕೇಳಿಕೊಂಡರೆ ಮಾತ್ರ ನ್ಯಾಯಾಧೀಶರು ಇಳಿಸಬಹುದು. ಇದರ ಪರಿಣಾಮ ಊಹಿಸಬಹುದು. 'ಈ ಆರೋಪ ಒಪ್ಪಿಕೊಂಡರೆ ಹತ್ತು ವರ್ಷ, ವಿಚಾರಣೆಗೆ ಹೋದರೆ ಮೂವತ್ತು' ಎಂದಾಗ ತಪ್ಪು ಮಾಡದವನೂ ಒಂದು ಕ್ಷಣ ಲೆಕ್ಕ ಹಾಕುತ್ತಾನೆ. ಅಮೆರಿಕದ ಫೆಡರಲ್ ಪ್ರಕರಣಗಳಲ್ಲಿ ಶಿಕ್ಷೆಯಾಗುವವರ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ವಿಚಾರಣೆಯೇ ಇಲ್ಲದೆ ತಪ್ಪೊಪ್ಪಿಕೊಂಡವರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಅದು ಪೊಳ್ಳು ಮಾತಲ್ಲ. ಬಾಂಬ್ ಸ್ಫೋಟದಲ್ಲಿ ಮಗಳನ್ನು ಕಳೆದುಕೊಂಡವರ ಮುಂದೆ ನಿಂತು 'ನ್ಯಾಯಾಧೀಶರ ಮನಸ್ಸು ಹೇಗಿದೆಯೋ ನೋಡೋಣ' ಎನ್ನಲು ಆಗುವುದಿಲ್ಲ. ಒಂದೇ ತಪ್ಪಿಗೆ ಒಂದು ಕೋರ್ಟಿನಲ್ಲಿ ಎರಡು ವರ್ಷ, ಪಕ್ಕದ ಕೋರ್ಟಿನಲ್ಲಿ ಹನ್ನೆರಡು ವರ್ಷ ಆದರೆ ಅದೂ ಅನ್ಯಾಯವೇ. ನ್ಯಾಯಾಧೀಶರೂ ಮನುಷ್ಯರು, ಅವರಿಗೂ ಪೂರ್ವಗ್ರಹ ಇರುತ್ತದೆ. ಭಯೋತ್ಪಾದನೆ ಪ್ರಕರಣಗಳಲ್ಲಿ ಬೆದರಿಕೆಯೂ ಇರುತ್ತದೆ. 'ನನ್ನ ಕೈಯಲ್ಲಿ ಏನೂ ಇಲ್ಲ, ಕಾನೂನು ಹಾಗಿದೆ' ಎನ್ನುವುದು ಅಂಥ ನ್ಯಾಯಾಧೀಶರಿಗೆ ಒಂದು ಗುರಾಣಿ.

ವಿವೇಚನೆ ಅಂದರೆ ಕರುಣೆ ಎಂದುಕೊಳ್ಳುವುದೂ ತಪ್ಪು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ವೀರಪ್ಪನ್ ತಂಡ ಹುದುಗಿಸಿಟ್ಟಿದ್ದ ನೆಲಬಾಂಬ್ ಸಿಡಿದು 22 ಜನ ಸತ್ತರು. 2001ರಲ್ಲಿ ಮೈಸೂರಿನ ವಿಶೇಷ ಟಾಡಾ (ಹಿಂದಿನ ಭಯೋತ್ಪಾದನೆ ವಿರೋಧಿ ಕಾಯ್ದೆ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 2004ರ ಜನವರಿಯಲ್ಲಿ, ಆ ಜೀವಾವಧಿ ಗಲ್ಲಾಯಿತು. ನ್ಯಾಯಾಧೀಶರ ವಿವೇಚನೆ ಮೇಲಕ್ಕೂ ಏರುತ್ತದೆ. ರಾಷ್ಟ್ರಪತಿ ಮುಂದೆ ಕ್ಷಮಾದಾನ ಅರ್ಜಿ ವರ್ಷಗಟ್ಟಲೆ ಉಳಿಯಿತು, 2013ರಲ್ಲಿ ತಿರಸ್ಕಾರ ಆಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ದಿನ ಎಣಿಸುತ್ತಿದ್ದ ಅವರ ಶಿಕ್ಷೆಯನ್ನು 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಅರ್ಜಿ ತೀರ್ಮಾನಕ್ಕೆ ಆದ ವಿಳಂಬದ ಕಾರಣಕ್ಕೆ, ಮತ್ತೆ ಜೀವಾವಧಿಗೆ ಇಳಿಸಿತು. ಜೀವಾವಧಿ, ಗಲ್ಲು, ಮತ್ತೆ ಜೀವಾವಧಿ. ಇದನ್ನು ಓದಿದವರು 'ಒಂದು ನಿಗದಿತ ಅಂಕಿ ಇದ್ದಿದ್ದರೆ ಚೆನ್ನಾಗಿತ್ತು' ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಆದರೆ ಕಠಿಣ ಅಂಕಿ ಇಟ್ಟರೆ ಜನ ಹೆದರುತ್ತಾರೆ ಎನ್ನುವ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಾಯಲು ತಯಾರಾಗಿ ಬಂದವನಿಗೆ ಐದು ವರ್ಷ, ಐವತ್ತು ವರ್ಷ ಎರಡೂ ಒಂದೇ. ಆ ಅಂಕಿ ನಿಜವಾಗಿ ತಟ್ಟುವುದು ಸುತ್ತಲಿನವರಿಗೆ. ಸಿಮ್ ಕೊಟ್ಟವನು, ರೂಮು ಮಾಡಿಕೊಟ್ಟವನು, ಕಾರು ಓಡಿಸಿದವನು. ಇವರಲ್ಲಿ ಯಾರಿಗೆ ಎಷ್ಟು ಗೊತ್ತಿತ್ತು ಎನ್ನುವುದೇ ಇಡೀ ಪ್ರಕರಣದ ತಿರುಳು. ಮುಖ್ಯ ಆರೋಪಿಗೆ ಕನಿಷ್ಠ ಶಿಕ್ಷೆಯ ಅಗತ್ಯವೇ ಇಲ್ಲ, ಅವನಿಗೆ ಯಾವ ನ್ಯಾಯಾಧೀಶರೂ ಐದು ವರ್ಷ ಕೊಟ್ಟು ಕಳಿಸುವುದಿಲ್ಲ. ಕನಿಷ್ಠ ಶಿಕ್ಷೆ ಕೆಲಸ ಮಾಡುವುದೇ ಅಂಚಿನಲ್ಲಿರುವವರ ಮೇಲೆ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ವಸ್ತು ಕದ್ದರೆ ಗಲ್ಲು. ಜ್ಯೂರಿಯಲ್ಲಿ ಕೂತವರು ಒಂದು ಉಪಾಯ ಕಂಡುಕೊಂಡರು. ಕದ್ದ ಮಾಲಿನ ಬೆಲೆ ಎಷ್ಟೇ ಇರಲಿ, 39 ಶಿಲಿಂಗ್ ಎಂದು ಬರೆದುಬಿಡುತ್ತಿದ್ದರು. ಕಳ್ಳನಿಗೆ ಶಿಕ್ಷೆ ಆಗುತ್ತಿತ್ತು, ಕುತ್ತಿಗೆ ಉಳಿಯುತ್ತಿತ್ತು. ಕಾನೂನು ಬಗ್ಗದಿದ್ದರೆ ಜನ ಸತ್ಯವನ್ನೇ ಬಗ್ಗಿಸುತ್ತಾರೆ.

ಮುಂಬೈ ಸರಣಿ ಸ್ಫೋಟದ ಪ್ರಕರಣದಲ್ಲಿ ಸಂಜಯ್ ದತ್‌ಗೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಆದರೆ ಅಂಕಿಗಳನ್ನು ಗಮನಿಸಿದವರು ಕಡಿಮೆ. 1993ರಲ್ಲಿ ಎಕೆ-56 ಇಟ್ಟುಕೊಂಡಿದ್ದಕ್ಕೆ ಟಾಡಾ ಕೆಳಗೆ ಬಂಧನ. 2006ರಲ್ಲಿ ವಿಶೇಷ ನ್ಯಾಯಾಲಯ ಟಾಡಾ ಆರೋಪಗಳಿಂದ ಖುಲಾಸೆ ಮಾಡಿತು, ಶಸ್ತ್ರಾಸ್ತ್ರ ಕಾಯ್ದೆ ಕೆಳಗೆ ಮಾತ್ರ ದೋಷಿ ಎಂದಿತು. 2007ರಲ್ಲಿ ಆರು ವರ್ಷ ಶಿಕ್ಷೆ. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಐದಕ್ಕೆ ಇಳಿಸಿತು. ಯಾಕೆ ಐದು, ನಾಲ್ಕೂವರೆ ಯಾಕಲ್ಲ? ನಿಷೇಧಿತ ಆಯುಧದ 25(1ಎ) ಸೆಕ್ಷನ್ನಿಗೆ ಆಗ ಇದ್ದ ಕನಿಷ್ಠ ಶಿಕ್ಷೆ ಐದು. ಕಟ್ಟೆಗೆ ತಾಗಿ ನಿಂತಿತು. ಆತ ಬಿಡುಗಡೆ ಆಗಿದ್ದು 2016ರ ಫೆಬ್ರವರಿಯಲ್ಲಿ. ಈ ಪ್ರಕರಣದಲ್ಲಿ ಐದು ವರ್ಷ ಜಾಸ್ತಿ ಆಯಿತು ಎಂದು ನಾನು ಹೇಳುತ್ತಿಲ್ಲ. ಹೆಸರಾಂತ ನಟನೂ ಸಾಮಾನ್ಯನೂ ಒಂದೇ ಕಟ್ಟೆಗೆ ತಾಗಿದರು ಎನ್ನುವುದು ಕನಿಷ್ಠ ಶಿಕ್ಷೆಯ ಪರ ಇರುವವರಿಗೆ ಒಳ್ಳೆಯ ಉದಾಹರಣೆಯೇ.

ಆದರೆ ಅದೇ ಶಸ್ತ್ರಾಸ್ತ್ರ ಕಾಯ್ದೆಯ ಅದೇ 25ನೇ ಸೆಕ್ಷನ್ನಿನಲ್ಲಿ ಸ್ವಲ್ಪ ಕೆಳಗೆ ಓದಿದರೆ 25(1ಬಿ) ಸಿಗುತ್ತದೆ, ಪರವಾನಗಿ ಇಲ್ಲದ ಸಾಮಾನ್ಯ ಆಯುಧಗಳದ್ದು. ಅಲ್ಲೂ ಕನಿಷ್ಠ ಶಿಕ್ಷೆ ಇದೆ. ಅದರ ಕೆಳಗೆ ಒಂದು ಸಾಲೂ ಇದೆ: ತಕ್ಕ ಮತ್ತು ವಿಶೇಷ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ಬರೆದು, ಕೋರ್ಟು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಬ್ರಿಟನ್ ಕೂಡ ಹೆಚ್ಚುಕಡಿಮೆ ಇದನ್ನೇ ಮಾಡಿದೆ. 2019ರ ನವೆಂಬರ್‌ನಲ್ಲಿ ಲಂಡನ್ ಬ್ರಿಜ್ ಪಕ್ಕದ ಫಿಶ್‌ಮಂಗರ್ಸ್ ಹಾಲ್‌ನಲ್ಲಿ, 2020ರ ಫೆಬ್ರವರಿಯಲ್ಲಿ ಸ್ಟ್ರೆಥಮ್‌ನಲ್ಲಿ, ಶಿಕ್ಷೆ ಅರ್ಧ ಮುಗಿಸಿ ಹೊರಬಂದಿದ್ದ ಭಯೋತ್ಪಾದನೆ ಅಪರಾಧಿಗಳೇ ಚಾಕು ಹಿಡಿದು ದಾಳಿ ಮಾಡಿದರು. ದೇಶ ಸಿಟ್ಟಾಯಿತು. 2021ರ ಕಾಯ್ದೆಯಲ್ಲಿ, ಹಲವರ ಸಾವಿಗೆ ಕಾರಣವಾಗಬಹುದಾದ ಗಂಭೀರ ಭಯೋತ್ಪಾದನೆ ಅಪರಾಧಕ್ಕೆ ಕನಿಷ್ಠ 14 ವರ್ಷ ಬಂತು. ಅಷ್ಟು ಸಿಟ್ಟಿನಲ್ಲೂ ಅಸಾಧಾರಣ ಸಂದರ್ಭಗಳನ್ನು ಹೊರತುಪಡಿಸಿ ಎನ್ನುವ ಮಾತನ್ನು ಕಾಯ್ದೆಯಲ್ಲಿ ಉಳಿಸಿಕೊಂಡರು.

ಯುಎಪಿಎಯ 16, 17, 18, 19ನೇ ಸೆಕ್ಷನ್ನುಗಳಲ್ಲಾಗಲಿ, ನ್ಯಾಯ ಸಂಹಿತೆಯ 113ರಲ್ಲಾಗಲಿ ಅಂಥ ಸಾಲು ಇಲ್ಲ. 25(1ಬಿ)ಯ ಆ ಒಂದು ವಾಕ್ಯವನ್ನು ಹಾಗೇ ತಂದು ಸೇರಿಸಿದರೆ ಕನಿಷ್ಠ ಶಿಕ್ಷೆಯೂ ಉಳಿಯುತ್ತದೆ. ಕಡಿಮೆ ಕೊಡುವ ನ್ಯಾಯಾಧೀಶರು ಕಾರಣ ಬರೆಯಲೇಬೇಕಾಗುತ್ತದೆ. ಆ ಕಾರಣ ತಪ್ಪು ಅನ್ನಿಸಿದರೆ ಸರ್ಕಾರ ಮೇಲ್ಮನವಿ ಹಾಕಬಹುದು.

ಹ್ಯಾಮಂಡ್ ಅಪ್ಪ-ಮಗನಿಗೆ ಕೊನೆಗೆ ಏನಾಯಿತು ಅಂತ ಹೇಳುವುದು ಬಾಕಿ ಇದೆ. ಅವರು ಮತ್ತೆ ಜೈಲಿಗೆ ಹೋಗುವ ಹೊತ್ತಿಗೆ ಅವರ ಹೆಸರು ಹಿಡಿದು ಶಸ್ತ್ರಧಾರಿಗಳ ಗುಂಪೊಂದು ಓರೆಗಾನ್‌ನ ಮಾಲ್ಹ್ಯೂರ್ ವನ್ಯಜೀವಿ ಧಾಮದ ಕಚೇರಿಯನ್ನು ಆಕ್ರಮಿಸಿತು. ವಾರಗಟ್ಟಲೆ ಅಲ್ಲೇ ಕೂತಿತು. ಅವರಲ್ಲಿ ಒಬ್ಬ ಪೊಲೀಸರ ಗುಂಡಿಗೆ ಸತ್ತ. ಅಪ್ಪ-ಮಗ ಆ ಗುಂಪನ್ನು ಸೇರಲಿಲ್ಲ, ತಾವಾಗಿಯೇ ಹೋಗಿ ಜೈಲಿನಲ್ಲಿ ಹಾಜರಾದರು. 2018ರ ಜುಲೈ 10ರಂದು ಅಧ್ಯಕ್ಷ ಟ್ರಂಪ್ ಇಬ್ಬರಿಗೂ ಕ್ಷಮಾದಾನ ಕೊಟ್ಟರು. ನ್ಯಾಯಾಧೀಶರು ಕಾರಣ ಬರೆದು ಇಳಿಸಿದ್ದ ಶಿಕ್ಷೆ ನಿಲ್ಲಲಿಲ್ಲ. ಅಧ್ಯಕ್ಷರ ಒಂದು ಸಹಿ ನಿಂತಿತು.